ಡ್ರಮ್ಮಿನ ನೀರು, ಹಗಲು ಸೊಳ್ಳೆ: ಡೆಂಗಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕಿರಿಯ ಆರೋಗ್ಯ ಸಹಾಯಕನಾಗಿದ್ದೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ನೀರಿನಿಂದ ಸೊಳ್ಳೆ ಮರಿ ಎತ್ತಿ ನೋಡುವ ಸೌಟು. ಜಾಸ್ತಿ ಸುತ್ತಿದ್ದು ಶಿಡ್ಲಘಟ್ಟದ ಗಲ್ಲಿಗಳನ್ನು. ಅಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ, ನಡುನಡುವೆ ರೇಷ್ಮೆ ನೂಲು ಬಿಚ್ಚುವ ಘಟಕಗಳು, ಬಾಗಿಲ ಪಕ್ಕ ನೀಲಿ ಡ್ರಮ್ಮುಗಳ ಸಾಲು. ಡ್ರಮ್ಮಿನ ಮುಂದೆ ನಿಂತು ಜನ ಕೇಳಿದ್ದು, ನಿವೃತ್ತಿಯಾದ ಮೇಲೆ ಫೋನಿನಲ್ಲಿ ಕೇಳಿದ್ದು, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದು ಎಲ್ಲ ಇಲ್ಲಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಶುರುವಿನ ಪ್ರಶ್ನೆಗಳು

ಚರಂಡಿ ಕ್ಲೀನ್ ಮಾಡಿಸಿದ್ರೆ ಡೆಂಗಿ ಹೋಗುತ್ತೆ ಅಲ್ವಾ ಸಾರ್?

ಹೋಗಲ್ಲ. ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದೇ. ಉತ್ತರ ಕೇಳಿದವರಿಗೆ ಬೇಜಾರಾಗುವುದೂ ಇದರಲ್ಲೇ ಜಾಸ್ತಿ.

ಚರಂಡಿಯ ಕೊಳೆ ನೀರಲ್ಲಿ ಹುಟ್ಟುವುದು ಕ್ಯೂಲೆಕ್ಸ್ ಸೊಳ್ಳೆ. ರಾತ್ರಿ ಕಿವಿ ಹತ್ತಿರ ಗುಂಯ್ ಅನ್ನುವುದು ಅದು. ಡೆಂಗಿ ಹರಡುವುದು ಈಡಿಸ್ ಈಜಿಪ್ಟೈ. ಅದಕ್ಕೆ ಬೇಕಾದ್ದು ನಾವು ಮನೆಯಲ್ಲಿ ತುಂಬಿಟ್ಟುಕೊಳ್ಳುವ ತಿಳಿನೀರು. ಡ್ರಮ್ಮು, ಸಂಪು, ಕಲ್ಲು ಚಪ್ಪಡಿ ತೊಟ್ಟಿ, ಕೂಲರ್, ಫ್ರಿಜ್ಜಿನ ಹಿಂದಿನ ಟ್ರೇ, ಹಿತ್ತಲಲ್ಲಿ ಬಿಸಾಕಿದ ಟೈರು, ಮಳೆ ನೀರು ನಿಂತ ಒರಳುಕಲ್ಲು. ಚರಂಡಿ ಕ್ಲೀನ್ ಮಾಡಿಸಿ, ಬೇಡ ಅನ್ನಲ್ಲ. ಅದಕ್ಕೆ ಬೇರೆ ಕಾರಣಗಳಿವೆ.

ಮಳೇನೇ ಇಲ್ಲ, ಬರಗಾಲ. ಆದ್ರೂ ಡೆಂಗಿ ಎಲ್ಲಿಂದ ಬಂತು?

ಬರಗಾಲದಿಂದಲೇ ಬರಬಹುದು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ನಲ್ಲಿಯಲ್ಲಿ ನೀರು ಯಾವತ್ತು ಬರುತ್ತದೋ ಗೊತ್ತಿಲ್ಲದ ಮೇಲೆ ಯಾರೇ ಆಗಲಿ ಇರುವ ಪಾತ್ರೆಯನ್ನೆಲ್ಲ ತುಂಬಿಟ್ಟುಕೊಳ್ಳುತ್ತಾರೆ. ನೀರು ಕಡಿಮೆ ಇದ್ದಷ್ಟೂ ಡ್ರಮ್ಮು ಜಾಸ್ತಿ. ಡ್ರಮ್ಮು ಜಾಸ್ತಿಯಾದಷ್ಟೂ ಈಡಿಸ್ ಜಾಸ್ತಿ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಈಡಿಸ್ ಮೊಟ್ಟೆ ಇಡುವುದು ನೀರಿನ ಮೇಲಲ್ಲ. ನೀರಿನ ಮಟ್ಟಕ್ಕಿಂತ ಚೂರು ಮೇಲೆ, ಪಾತ್ರೆಯ ಒದ್ದೆ ಗೋಡೆಗೆ ಅಂಟಿಸುತ್ತದೆ. ಕಾಡಿಗೆ ಚುಕ್ಕೆಯಂಥ ಮೊಟ್ಟೆ. ನೀರು ಇಳಿದು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಎಂಟು ದಿನದ ಮೇಲೆ ನಲ್ಲಿ ಬಂತು, ನೀವು ಡ್ರಮ್ಮನ್ನು ಕಂಠದವರೆಗೆ ತುಂಬಿದಿರಿ. ನೀರು ಏರಿ ಮೊಟ್ಟೆ ನೆನೆಯಿತು, ಮರಿ ಹೊರಬಂತು. ಅಂದರೆ ಉಳಿದ ನೀರಿನ ಮೇಲೇ ಹೊಸ ನೀರು ತುಂಬಿದಾಗಲೆಲ್ಲ ಒಂದು ಹೊಸ ಬ್ಯಾಚು ಎದ್ದು ಬರುತ್ತದೆ.

ಎಚ್.ಎನ್. ವ್ಯಾಲಿ ನೀರು ಕೆರೆಗೆ ಬಿಟ್ಟ ಮೇಲೇ ಇದೆಲ್ಲ ಶುರುವಾಗಿದ್ದು ಅಂತಾರೆ?

ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿರುವುದು ನಿಜ. ಆ ನೀರಿನ ಗುಣಮಟ್ಟದ ಬಗ್ಗೆ ಜಗಳ ಆಡಲು ಕಾರಣಗಳೂ ಇವೆ. ಡೆಂಗಿಯನ್ನು ಮಾತ್ರ ಅದರ ತಲೆಗೆ ಕಟ್ಟಬೇಡಿ. ಈಡಿಸ್ ಈಜಿಪ್ಟೈ ಕೆರೆಯಲ್ಲಿ ಸಂಸಾರ ಮಾಡುವ ಸೊಳ್ಳೆ ಅಲ್ಲ. ಹುಟ್ಟಿದ ಪಾತ್ರೆಯಿಂದ ನೂರಿನ್ನೂರು ಮೀಟರ್ ಹಾರಿದರೆ ಅದಕ್ಕೆ ಅದೇ ದೂರ. ನಿಮ್ಮನ್ನು ಕಚ್ಚಿದ್ದು ಬಹುತೇಕ ನಿಮ್ಮ ಮನೆಯದೇ, ಇಲ್ಲವೇ ಪಕ್ಕದ ಮನೆಯದು.

ನೀರಲ್ಲಿ ಇರೋದು ಡೆಂಗಿ ಹುಳಾನೇ ಅಂತ ಗೊತ್ತಾಗೋದು ಹೇಗೆ?

ಮೊದಲು ಒಂದು ತಮಾಷೆ. ಊರಂಚಿನ ಒಂದು ಮನೆಯಲ್ಲಿ "ಅಕ್ಕ, ಹುಳ ಇದೆಯೇನೋ ನೋಡಬೇಕಿತ್ತು" ಅಂದೆ. "ಇದಾವೆ ಬನ್ನಿ, ಎರಡನೇ ಜ್ವರಕ್ಕೆ ಹೋಗಿದಾವೆ" ಅಂದರು. ಮನೆಯಲ್ಲಿ ಎರಡನೆಯವರಿಗೂ ಜ್ವರವೇ ಅಂತ ನಾನು ಪುಸ್ತಕ ತೆಗೆದು ಹೆಸರು ಕೇಳಿದೆ. ಅವರು ಹೇಳಿದ್ದು ರೇಷ್ಮೆ ಹುಳುವಿನ ಮಾತು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅಂತಲೇ ಹೆಸರು. ಅವತ್ತಿನಿಂದ ನಾನು ಸೊಳ್ಳೆ ಮರಿಯನ್ನು ಲಾರ್ವಾ ಅಂತಲೇ ಕೇಳುತ್ತೇನೆ.

ಗುರುತಿಗೆ ಬರೋಣ. ಡ್ರಮ್ಮಿನ ಮುಚ್ಚಳ ಮೆಲ್ಲಗೆ ತೆಗೆಯಿರಿ. ನೆರಳು ಬಿದ್ದ ಕೂಡಲೇ ಲಾರ್ವಾ ಬಳುಕುತ್ತಾ ತಳಕ್ಕೆ ಇಳಿಯುತ್ತದೆ. ಅಲ್ಲಾಡದೆ ಒಂದೆರಡು ನಿಮಿಷ ಕಾಯಿರಿ, ಉಸಿರಿಗೆ ಮೇಲೆ ಬರಲೇಬೇಕು. ಆಗ ಟಾರ್ಚು ಬಿಡಿ. ತಲೆ ಕೆಳಗೆ, ಬಾಲ ನೀರಿನ ಮೇಲ್ಮೈಗೆ ತಾಗಿಸಿ ಓರೆಯಾಗಿ ನೇತಾಡುತ್ತಿದ್ದರೆ ಈಡಿಸ್ ಇಲ್ಲವೇ ಕ್ಯೂಲೆಕ್ಸ್. ನೀರಿಗೆ ಸಮನಾಗಿ ಮಲಗಿದ್ದರೆ ಅದು ಅನಾಫಿಲಿಸ್, ಮಲೇರಿಯಾ ಸೊಳ್ಳೆಯ ಜಾತಿ. ಕುಡಿಯುವಷ್ಟು ತಿಳಿಯಾದ ಡ್ರಮ್ಮಿನ ನೀರಲ್ಲಿ ನೇತಾಡುತ್ತಿದ್ದರೆ ಈಡಿಸ್ ಅಂತಲೇ ಲೆಕ್ಕ ಹಿಡಿಯಿರಿ. ದೊಡ್ಡದಾದ ಮೇಲೆ ಕಪ್ಪು ಮೈ, ಕಾಲಿನ ಮೇಲೆ ಬಿಳಿ ಪಟ್ಟೆ. ಕಚ್ಚುವುದು ಹಗಲು ಹೊತ್ತು, ಬೆಳಗ್ಗೆ ಬಿಸಿಲೇರುವ ಮುಂಚೆ ಮತ್ತು ಸಂಜೆ ಮುಳುಗುವ ಮುಂಚೆ ಜಾಸ್ತಿ.

ರೋಗಿ ಜೊತೆ ಒಂದೇ ತಟ್ಟೇಲಿ ಉಂಡ್ರೆ ಅಂಟುತ್ತಾ?

ಇಲ್ಲ. ನಡುವೆ ಸೊಳ್ಳೆ ಬೇಕು.

## ಜ್ವರ ಬಂದಾಗ

ಯಾವ ಟೆಸ್ಟ್ ಮಾಡಿಸ್ಬೇಕು? ಎಷ್ಟು ದುಡ್ಡಾಗುತ್ತೆ?

ಜ್ವರ ಶುರುವಾಗಿ ಐದು ದಿನದೊಳಗಾದರೆ ರಕ್ತದಲ್ಲಿ ವೈರಸ್ಸಿನ ಅಂಶವನ್ನೇ ಹುಡುಕುವ ಎನ್‌ಎಸ್1. ಐದು ದಿನ ದಾಟಿದರೆ ವೈರಸ್ಸಿನ ವಿರುದ್ಧ ಮೈ ತಯಾರಿಸಿದ ಪ್ರತಿಕಾಯ ಹುಡುಕುವ ಐಜಿಎಂ. ಕಾರ್ಡ್ ಟೆಸ್ಟ್ ಬೇಗ ಆಗುತ್ತದೆ, ಆದರೆ ಪಕ್ಕಾ ಅನ್ನುವುದು ಲ್ಯಾಬಿನಲ್ಲಿ ಮಾಡುವ ಎಲೈಸಾ ವಿಧಾನದಲ್ಲಿ. ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತ. ಖಾಸಗಿ ಲ್ಯಾಬುಗಳಿಗೆ 2024ರ ಜುಲೈನಲ್ಲಿ ಸರ್ಕಾರ ದರ ಕಟ್ಟಿತು: ಕಾರ್ಡ್ ಟೆಸ್ಟ್ 250 ರೂಪಾಯಿ, ಎಲೈಸಾ ಎನ್‌ಎಸ್1 300, ಐಜಿಎಂ 300. ಅದಕ್ಕಿಂತ ಜಾಸ್ತಿ ಕೇಳಿದರೆ ಸುಮ್ನೆ ಕೊಟ್ಟು ಬರಬೇಡಿ, ರಸೀದಿ ಕೇಳಿ.

ಮೊದಲ ದಿನ ನೆಗೆಟಿವ್ ಬಂತು ಅಂತ ನಿಶ್ಚಿಂತೆ ಆಗಬೇಡಿ. ವೈದ್ಯರಿಗೆ ಅನುಮಾನ ಇದ್ದರೆ ಮತ್ತೆ ಮಾಡಿಸುತ್ತಾರೆ.

ಜ್ವರ ಬಿಟ್ಟಿದೆ, ಮಗು ಸರಿಹೋಯ್ತು ಅಲ್ವಾ?

ಈ ಪ್ರಶ್ನೆಗೆ ಮಾತ್ರ ನಾನು ನಿಂತ ನಿಲುವಿನಲ್ಲಿ ಉತ್ತರ ಕೊಡುವುದಿಲ್ಲ, ಕೂತು ಹೇಳುತ್ತೇನೆ. ಡೆಂಗಿಯಲ್ಲಿ ಅಪಾಯದ ಹೊತ್ತು ಜ್ವರ ಸುಡುವಾಗ ಅಲ್ಲ, ಇಳಿಯುವಾಗ. ಜ್ವರ ಶುರುವಾಗಿ ಮೂರರಿಂದ ಏಳನೇ ದಿನದೊಳಗೆ, ಮೈ ತಣ್ಣಗಾದ ಮೇಲಿನ ಒಂದೆರಡು ದಿನ ಕಣ್ಣಿಟ್ಟು ನೋಡಬೇಕು. ಆಗ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರುತ್ತದೆ, ರಕ್ತ ಗಟ್ಟಿಯಾಗುತ್ತದೆ, ಬಿಪಿ ಬೀಳುತ್ತದೆ.

ನೋಡಬೇಕಾದ್ದು ಇಷ್ಟು. ಹೊಟ್ಟೆ ಬಿಡದೆ ನೋಯುವುದು. ಪದೇ ಪದೇ ವಾಂತಿ. ವಸಡು, ಮೂಗಿನಿಂದ ರಕ್ತ, ಕಪ್ಪಗೆ ಮಲ. ಕೈಕಾಲು ತಣ್ಣಗಾಗಿ ಬೆವರುವುದು. ಆರು ಗಂಟೆಯಾದರೂ ಮೂತ್ರ ಮಾಡದಿರುವುದು. ಮಗು ವಿಪರೀತ ಮಂಕಾಗುವುದು, ಇಲ್ಲವೇ ಕಾರಣವಿಲ್ಲದೆ ಕಿರಿಕಿರಿ ಮಾಡುವುದು. ಒಂದು ಕಂಡರೂ ರಾತ್ರಿ ಎಷ್ಟೇ ಹೊತ್ತಾಗಿರಲಿ, ಆಸ್ಪತ್ರೆಗೆ ಹೊರಡಿ. ಬೆಳಗಾಗಲಿ ಅನ್ನಬೇಡಿ.

ಪ್ಲೇಟ್‌ಲೆಟ್ 60 ಸಾವಿರಕ್ಕೆ ಇಳಿದಿದೆ. ಬೆಂಗಳೂರಿಗೆ ಕರ್ಕೊಂಡು ಹೋಗ್ಬೇಕಾ? ಪರಂಗಿ ಎಲೆ ರಸ ಕೊಡ್ಲಾ?

ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರುತ್ತದೆ. ಡೆಂಗಿಯಲ್ಲಿ ಇಳಿಯುವುದು ಮಾಮೂಲು, ತಾನೇ ಏರುತ್ತದೆ. ರಕ್ತಸ್ರಾವ ಇಲ್ಲದಿದ್ದರೆ 10 ಸಾವಿರಕ್ಕಿಂತ ಕೆಳಗೆ ಹೋಗುವವರೆಗೆ ಪ್ಲೇಟ್‌ಲೆಟ್ ಏರಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ನಮ್ಮವರು ಪ್ಲೇಟ್‌ಲೆಟ್ ನಂಬರನ್ನು ರೇಷ್ಮೆ ಗೂಡಿನ ರೇಟಿನಂತೆ ಬೆಳಗ್ಗೆ ಸಂಜೆ ಫೋನಿನಲ್ಲಿ ಹಂಚಿಕೊಳ್ಳುತ್ತಾರೆ. ಅದೇ ರಿಪೋರ್ಟಿನಲ್ಲಿ ಪಿಸಿವಿ ಅಂತ ಇನ್ನೊಂದು ಸಾಲು ಇರುತ್ತದೆ, ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅನ್ನುವುದು. ಅದು ಏರುತ್ತಿದೆಯೇ ಅಂತ ವೈದ್ಯರನ್ನು ಕೇಳಿ. ರಕ್ತ ಗಟ್ಟಿಯಾಗುತ್ತಿರುವ ಸುಳಿವು ಅಲ್ಲಿದೆ.

ಪರಂಗಿ ಎಲೆಯಿಂದ ಪ್ಲೇಟ್‌ಲೆಟ್ ಸ್ವಲ್ಪ ಬೇಗ ಏರಬಹುದು ಅಂತ ಸಣ್ಣ ಸಣ್ಣ ಅಧ್ಯಯನಗಳು ಹೇಳಿವೆ. ಜೀವ ಉಳಿಸುತ್ತದೆ ಅಂತ ಯಾವುದೂ ತೋರಿಸಿಲ್ಲ. ಆ ಕಹಿ ಕುಡಿದು ವಾಂತಿ ಮಾಡಿದರೆ ಒಳಗೆ ಹೋದ ನೀರೂ ಹೊರಗೆ. ಓಆರ್‌ಎಸ್, ಗಂಜಿ, ಎಳನೀರು, ಮಜ್ಜಿಗೆ ಗುಟುಕು ಗುಟುಕಾಗಿ ಕೊಡುತ್ತಿರಿ.

ಮೈಕೈ ನೋವು ತಡೆಯೋಕಾಗ್ತಿಲ್ಲ, ಒಂದು ಇಂಜೆಕ್ಷನ್ ಹಾಕಿಸ್ಕೊಂಡ್ರೆ?

ಬೇಡ. ಡೈಕ್ಲೋಫೆನ್ಯಾಕ್, ಐಬುಪ್ರೊಫೆನ್, ಆಸ್ಪಿರಿನ್ ಯಾವುದೂ ಬೇಡ. ಹೊಟ್ಟೆಯೊಳಗೆ ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ಪ್ಯಾರಸಿಟಮಾಲ್ ಒಂದೇ, ಅದೂ ವೈದ್ಯರು ಹೇಳಿದ ಅಳತೆಯಲ್ಲಿ, ಆರು ಗಂಟೆ ಬಿಟ್ಟು. ನನ್ನ ತಮ್ಮನ ಮಗನಿಗೆ ಒಂದು ಕಡೆ "ಒಂದೇ ಸೂಜಿ, ನಾಳೆ ಕೆಲಸಕ್ಕೆ ಹೋಗು" ಅಂತ ಹಾಕಿದರು. ಮೂರನೇ ದಿನ ವಸಡಿನಲ್ಲಿ ರಕ್ತ. ಸೂಜಿಯಿಂದಲೇ ಅಂತ ನಾನು ಪ್ರಮಾಣ ಮಾಡಿ ಹೇಳಲಾರೆ. ಅವನು ಉಳಿದ, ಅಷ್ಟು ಸಾಕು.

ಚಿಕನ್‌ಗುನ್ಯಾ ಕೋಳಿಯಿಂದ ಬರೋದಲ್ವಾ?

ಅಲ್ಲ. ಹೆಸರು ಚಿಕೂನ್‌ಗುನ್ಯಾ. ಆಫ್ರಿಕಾದ ಮಕೊಂಡೆ ಭಾಷೆಯ ಮಾತು, ನೋವಿಗೆ ಬಾಗಿ ಹೋಗುವುದು ಅಂತ ಅರ್ಥ. ಕೋಳಿಗೂ ಇದಕ್ಕೂ ಸಂಬಂಧವಿಲ್ಲ. ಹರಡುವುದು ಅದೇ ಈಡಿಸ್. 2006ರಲ್ಲಿ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕರ್ನಾಟಕದ್ದೇ. ಜೀವಕ್ಕೆ ಡೆಂಗಿಯಷ್ಟು ಅಪಾಯವಿಲ್ಲ, ಆದರೆ ಕೀಲು ನೋವು ತಿಂಗಳುಗಟ್ಟಲೆ ಉಳಿಯಬಹುದು. ಡೆಂಗಿ ಅಲ್ಲ ಅಂತ ಖಾತ್ರಿಯಾಗುವವರೆಗೆ ಇದಕ್ಕೂ ನೋವಿನ ಮಾತ್ರೆ ಮುಟ್ಟಬೇಡಿ.

## ಮನೆ, ನೀರು, ಹುಳು

ಎಂಟು ದಿನಕ್ಕೊಂದ್ಸಲ ನೀರು ಬರೋದು. ಅದನ್ನ ಚೆಲ್ಲು ಅಂದ್ರೆ ಹೇಗೆ ಸಾರ್?

ಚೆಲ್ಲಬೇಡಿ. ಚೆಲ್ಲಿ ಅನ್ನುವ ಕರಪತ್ರ ಕಾವೇರಿ ನೀರು ಬರುವ ಊರಲ್ಲಿ ಬರೆದದ್ದು.

ನೀರು ಬಿಡುವ ದಿನವನ್ನೇ ತಿಕ್ಕುವ ದಿನ ಮಾಡಿಕೊಳ್ಳಿ. ಅವತ್ತು ಡ್ರಮ್ಮಿನಲ್ಲಿ ನೀರು ತಳದಲ್ಲಿರುತ್ತದೆ. ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿ ಬಕೆಟ್ಟಿಗೆ ತೆಗೆಯಿರಿ, ಪಾತ್ರೆ ಬಟ್ಟೆಗೆ ಆಗುತ್ತದೆ. ಡ್ರಮ್ಮನ್ನು ಓರೆ ಮಾಡಿ ತೆಂಗಿನ ನಾರಿನಿಂದ ಒಳಗೋಡೆ ತಿಕ್ಕಿ, ಅದರಲ್ಲೂ ನೀರಿನ ಗೆರೆ ಮೂಡಿದ ಕಡೆ. ತಿಕ್ಕಿದ ನೀರನ್ನು ಒಣ ಮಣ್ಣಿಗೆ ಸುರಿಯಿರಿ. ಆಮೇಲೆ ತುಂಬಿಸಿ. ಮೊಟ್ಟೆಯಿಂದ ಸೊಳ್ಳೆ ಹಾರಲು ಏಳೆಂಟು ದಿನ ಬೇಕು. ಎಂಟು ದಿನಕ್ಕೊಮ್ಮೆ ನೀರು ಬಂದರೆ ಲೆಕ್ಕ ಹತ್ತಿರಹತ್ತಿರ ಸರಿಹೋಗುತ್ತದೆ. ಹದಿನೈದು ದಿನಕ್ಕೆ ಬಂದರೆ ನಡುವೆ ಒಂದು ಸಲ ಟಾರ್ಚು ಹಾಕಿ ನೋಡಿ.

ಮುಚ್ಚಳಕ್ಕೆ ಹಳೆಯ ಸೀರೆ ಎರಡು ಪದರ ಮಾಡಿ. ಹಗ್ಗಕ್ಕಿಂತ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿದರೆ ಬಿಗಿ ನಿಲ್ಲುತ್ತದೆ. ಬಟ್ಟೆ ಜೋತು ಬಿದ್ದು ನೀರಿಗೆ ತಾಗಿದರೆ ಮುಚ್ಚಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಅರ್ಧ ಮುಚ್ಚಿದ ಡ್ರಮ್ಮು ಇನ್ನೂ ಕೆಟ್ಟದ್ದು. ಒಳಗೆ ಕತ್ತಲೆ, ತಂಪು. ಈಡಿಸ್‌ಗೆ ಅದೇ ಬೇಕು.

ಅಬೇಟ್ ಹಾಕಿದ ನೀರು ಕುಡಿಬಹುದಾ?

ಅಬೇಟ್ ಅಂದರೆ ಲಾರ್ವಾ ಸಾಯಲು ನೀರಿಗೆ ಹಾಕುವ ಔಷಧ, ಟೆಮಿಫಾಸ್ ಅದರ ಅಸಲು ಹೆಸರು. ಲೀಟರಿಗೆ 1 ಮಿಲಿಗ್ರಾಂ ಮೀರದಿದ್ದರೆ ಕುಡಿಯುವ ನೀರಿಗೂ ಸರಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಒಪ್ಪಿದೆ. ಅಳತೆ ಗೊತ್ತಿದ್ದವರ ಕೈಯಲ್ಲೇ ಹಾಕಿಸಿ. ವಾಸನೆ ಹಿಡಿಸದಿದ್ದರೆ ಕುಡಿಯುವ ನೀರನ್ನು ಬೇರೆ ಬಿಂದಿಗೆಯಲ್ಲಿ ಹಿಡಿದು ಮುಚ್ಚಿಡಿ. ಅದು ಬಿಟ್ಟು, ನಾನು ಗಲ್ಲಿ ದಾಟುವ ಮುಂಚೆಯೇ ಡ್ರಮ್ಮನ್ನೆಲ್ಲ ಮೋರಿಗೆ ಚೆಲ್ಲಬೇಡಿ. ಎಷ್ಟು ಸಲ ನೋಡಿದ್ದೇನೆ!

ಮೀನು ಬಿಟ್ರೆ ಸಾಕಾ?

ತೊಟ್ಟಿ, ಸಂಪು, ಬಾವಿಗೆ ಗಪ್ಪಿ ಮೀನು ಒಳ್ಳೆಯದು. ಮೊಟ್ಟೆ ಇಡದೆ ಮರಿಯನ್ನೇ ಹಾಕುತ್ತದೆ, ಬೇಗ ಹೆಚ್ಚುತ್ತದೆ. ಕೋಲಾರ ಜಿಲ್ಲೆಯ ಹಳ್ಳಿಗಳ ಬಾವಿಗಳಲ್ಲಿ ಇದನ್ನೇ ಬಿಟ್ಟು ಮಲೇರಿಯಾ ಇಳಿಸಿದ ಕಥೆ ಇಲಾಖೆಯಲ್ಲಿ ಹಳಬರಿಗೆಲ್ಲ ಗೊತ್ತು. ಈಗ ಬಾವಿಗಳೇ ಒಣಗಿವೆ, ಮೀನು ಏನು ಮಾಡುತ್ತದೆ? ವಾರಕ್ಕೊಮ್ಮೆ ಖಾಲಿಯಾಗುವ ಡ್ರಮ್ಮಿಗೆ ಮೀನು ಹೊಂದುವುದಿಲ್ಲ.

ಫಾಗಿಂಗ್ ಹೊಗೆಗೆ ರೇಷ್ಮೆ ಹುಳು ಸಾಯ್ತವೆ. ನಮಗೆ ಡೆಂಗಿನೂ ಬೇಡ, ಹುಳು ಹೋಗೋದೂ ಬೇಡ. ಏನ್ಮಾಡೋದು?

ಶಿಡ್ಲಘಟ್ಟದಲ್ಲಿ ಮಾತ್ರ ಕೇಳುವ ಪ್ರಶ್ನೆ ಇದು, ಮತ್ತು ನ್ಯಾಯವಾದ ಪ್ರಶ್ನೆ. ಸೊಳ್ಳೆಯೂ ಕೀಟ, ರೇಷ್ಮೆ ಹುಳುವೂ ಕೀಟ. ಹೊಗೆಯ ಔಷಧಕ್ಕೆ ಭೇದ ಗೊತ್ತಿಲ್ಲ. ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ದ್ರಾವಣ ಕೂಡ ಹುಳು ಮನೆಗೆ ಬೇಡ. ಫಾಗಿಂಗ್ ಇದೆ ಅಂದರೆ ನಗರಸಭೆಯವರಿಗೆ ಮೊದಲೇ ಹೇಳಿ, ಹುಳು ಮನೆಯ ಹತ್ತಿರ ಮಿಷನ್ ತರದಂತೆ ಕೇಳಿಕೊಳ್ಳಿ. ಹೊಗೆ ಬಿದ್ದ ಕಡೆಯ ಹಿಪ್ಪುನೇರಳೆ ಸೊಪ್ಪನ್ನು ಹುಳುವಿಗೆ ಹಾಕಬೇಡಿ.

ಹಾಗಾಗಿ ನಿಮಗೆ ಉಳಿದ ದಾರಿ ಲಾರ್ವಾ ಹುಟ್ಟದಂತೆ ನೋಡಿಕೊಳ್ಳುವುದು. ಇಲ್ಲಿ ಒಂದು ಜಾಗ ಎಲ್ಲರ ಕಣ್ಣು ತಪ್ಪಿಸುತ್ತದೆ. ಹುಳು ಸಾಕುವ ಸ್ಟ್ಯಾಂಡಿನ ಕಾಲಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು ಇಡುತ್ತೀರಲ್ಲ, ಅದು. ಸಣ್ಣದು, ನೆರಳಲ್ಲಿದೆ, ಯಾರೂ ಅಲ್ಲಾಡಿಸುವುದಿಲ್ಲ. ಒಂದು ಸಲ ಒಂದೇ ಸ್ಟ್ಯಾಂಡಿನ ನಾಲ್ಕು ಬಟ್ಟಲಲ್ಲೂ ಲಾರ್ವಾ ಸಿಕ್ಕಿತ್ತು. ಅದರ ನೀರಿಗೆ ಒಂದು ಹಿಡಿ ಉಪ್ಪು ಹಾಕಿ, ವಾರಕ್ಕೊಮ್ಮೆ ಚೆಲ್ಲಿ ಒರೆಸಿ. ಅಬೇಟ್ ಹಾಕಬೇಡಿ.

ನೂಲು ಬಿಚ್ಚುವವರಿಗೂ ಒಂದು ಮಾತು. ಗೂಡು ಹಾಕುವ ಬಿಸಿನೀರಿನ ಬೇಸಿನ್ನಿನಲ್ಲಿ ಸೊಳ್ಳೆ ಹುಟ್ಟುವುದಿಲ್ಲ. ಗೂಡಿನ ರೇಟು ಏರಿ ಘಟಕ ಹತ್ತು ದಿನ ಮುಚ್ಚಿದಾಗ ನೋಡಿ, ಬೇಸಿನ್ನು, ಹಿತ್ತಲ ತೊಟ್ಟಿ ಎಲ್ಲ ತುಂಬಿ ನಿಂತಿರುತ್ತವೆ. ಬೀಗ ಹಾಕುವ ಮುಂಚೆ ಖಾಲಿ ಮಾಡಿ.

## ಗಲ್ಲಿ, ವಾರ್ಡು

ಫಾಗಿಂಗ್ ಮಿಷನ್ ಕಳ್ಸಿ ಅಂತ ಎಷ್ಟು ಸಲ ಕೇಳೋದು? ಅದಿಲ್ದೆ ಆಗುತ್ತಾ?

ಹೊಗೆ ಕೊಲ್ಲುವುದು ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಯನ್ನು. ಡ್ರಮ್ಮಿನ ಲಾರ್ವಾಕ್ಕೆ ಅದು ತಾಕುವುದಿಲ್ಲ. ಮೇಲಾಗಿ ಈಡಿಸ್ ಇರುವುದು ಮಂಚದ ಕೆಳಗೆ, ನೇತು ಹಾಕಿದ ಬಟ್ಟೆಯ ಹಿಂದೆ. ಮಿಷನ್ ಸದ್ದು ಕೇಳಿ ನೀವು ಬಾಗಿಲು ಕಿಟಕಿ ಮುಚ್ಚಿದರೆ ಹೊಗೆ ಬೀದಿಗೆ, ಸೊಳ್ಳೆ ಮನೆಗೆ. ರೋಗಿ ಇರುವ ಮನೆ, ಅದರ ಸುತ್ತಲ ಮನೆಗಳಲ್ಲಿ ಒಳಗೆ ಹೊಡೆದರೆ ಉಪಯೋಗವಿದೆ, ವೈರಸ್ ಹೊತ್ತ ಸೊಳ್ಳೆ ಅಲ್ಲೇ ಇರುತ್ತದೆ. ಊರು ತುಂಬ ಗಾಡಿ ಓಡಿಸುವುದು, ನನ್ನ ಮಟ್ಟಿಗೆ, ಜನರ ಸಮಾಧಾನಕ್ಕೆ.

ನಮ್ಮ ಗಲ್ಲೀಲಿ ಒಂದೇ ವಾರಕ್ಕೆ ಐದು ಕೇಸು. ಎಲ್ಲಿಂದ ಶುರು ಮಾಡೋದು?

ಮೊದಲು ಆಶಾ ಕಾರ್ಯಕರ್ತೆಗೆ, ಆರೋಗ್ಯ ಕೇಂದ್ರಕ್ಕೆ ಹೇಳಿ. ಖಾಸಗಿ ಕ್ಲಿನಿಕ್ಕಿನಲ್ಲಿ ತೋರಿಸಿದ ಜ್ವರ ಎಷ್ಟೋ ಸಲ ಲೆಕ್ಕಕ್ಕೇ ಬರುವುದಿಲ್ಲ. ಆಮೇಲೆ ಒಂದು ಹಾಳೆಯಲ್ಲಿ ಗಲ್ಲಿಯ ಚಿತ್ರ ಬರೆದು ಐದು ಮನೆಗೂ ಚುಕ್ಕೆ ಇಡಿ, ಜ್ವರ ಶುರುವಾದ ತಾರೀಖು ಬರೆಯಿರಿ. ಚುಕ್ಕೆಗಳು ಒಂದು ಕಡೆ ಗುಂಪಾಗಿದ್ದರೆ ಮೂಲ ಅಲ್ಲೇ ಹತ್ತಿರ. ಒಂದು ಸಲ ಹೀಗೆ ಗುಂಪಾದ ಚುಕ್ಕೆಗಳ ನಡುವೆ ಇದ್ದದ್ದು ಬೀಗ ಹಾಕಿದ ಮನೆ. ಮಾಳಿಗೆ ಮೇಲೆ ಮುಚ್ಚಳ ಹಾರಿದ ಸಿಂಟೆಕ್ಸ್. ಮಾಲೀಕರು ಬೆಂಗಳೂರಲ್ಲಿ. ಪಕ್ಕದ ಮಾಳಿಗೆಯಿಂದ ದಾಟಿ ನೋಡಿದಾಗ ನೀರು ಕಾಣದಷ್ಟು ಲಾರ್ವಾ.

ರೋಗಿಯನ್ನು ಜ್ವರ ಬಂದ ಮೊದಲ ಐದಾರು ದಿನ ಹಗಲಲ್ಲೂ ಸೊಳ್ಳೆ ಪರದೆಯೊಳಗೆ ಇರಿಸಿ. ಆ ದಿನಗಳಲ್ಲಿ ಅವರ ರಕ್ತ ಕುಡಿದ ಸೊಳ್ಳೆಯೇ ಮುಂದೆ ಹರಡುವುದು. ಇದನ್ನು ಯಾರೂ ಮಾಡುವುದಿಲ್ಲ, ಇದೇ ಎಲ್ಲಕ್ಕಿಂತ ಅಗ್ಗ.

ಒಂದೇ ದಿನ ಎಲ್ಲ ಮನೆಯ ಪಾತ್ರೆ ನೋಡಿ ಮುಗಿಸಿ. ಮಸೀದಿಯ ಮೈಕು, ದೇವಸ್ಥಾನದ ಮೈಕು ಎರಡರಲ್ಲೂ ಹಿಂದಿನ ದಿನ ಕೂಗಿಸಿ. ಶಿಡ್ಲಘಟ್ಟದಲ್ಲಿ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಹೇಳಬೇಕು. ಮನೆಯೊಳಗೆ ಹೋಗಲು ಹೆಂಗಸರು ಇರಲಿ. ವಾರ ಬಿಟ್ಟು ಇನ್ನೊಂದು ಸುತ್ತು ಕಡ್ಡಾಯ, ಉಳಿದ ಮೊಟ್ಟೆ ಅಷ್ಟರಲ್ಲಿ ಒಡೆದಿರುತ್ತದೆ.

ಎಲ್ಲ ಸರಿಯಾಗಿ ಮಾಡಿದರೂ ಎರಡು ಮೂರು ವಾರ ಹೊಸ ಕೇಸು ಬರುತ್ತವೆ. ಕಚ್ಚಿಸಿಕೊಂಡವರಿಗೆ ಜ್ವರ ಕಾಣಲು ನಾಲ್ಕರಿಂದ ಹತ್ತು ದಿನ ಬೇಕು. ಸೊಳ್ಳೆಯೊಳಗೆ ವೈರಸ್ ಬಲಿಯಲು ಎಂಟರಿಂದ ಹನ್ನೆರಡು ದಿನ. "ಇಷ್ಟೆಲ್ಲ ಮಾಡಿದ್ವಿ, ಏನೂ ಪ್ರಯೋಜನ ಆಗ್ಲಿಲ್ಲ" ಅಂತ ಜನ ಕೈಬಿಡುವುದು ಸರಿಯಾಗಿ ಈ ಹೊತ್ತಿಗೇ.

ಒಂದ್ಸಲ ಬಂದೋರಿಗೆ ಮತ್ತೆ ಬರಲ್ಲ ಅಂತಾರೆ?

ಬರುತ್ತದೆ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಬಂದ ಬಗೆ ಮತ್ತೆ ಬರುವುದಿಲ್ಲ, ಉಳಿದ ಮೂರು ಬರಬಹುದು. ಎರಡನೇ ಸಲ ಬೇರೆ ಬಗೆ ಬಂದರೆ ತೀವ್ರವಾಗುವ ಸಾಧ್ಯತೆ ಜಾಸ್ತಿ. ಹಿಂದೆ ಬಂದಿದ್ದರೆ ವೈದ್ಯರಿಗೆ ಮರೆಯದೆ ಹೇಳಿ.

ಲಾರ್ವಾ ಸರ್ವೆ ಮಾಡಿ ಏನೋ ಲೆಕ್ಕ ಬರ್ಕೊಂಡು ಹೋಗ್ತಾರಲ್ಲ, ಅದೇನು?

ನಿಮ್ಮ ವಾರ್ಡಿನ ಹುಡುಗರೂ ಹಾಕಬಹುದಾದ ಲೆಕ್ಕ. 50 ಮನೆ ನೋಡಿದಿರಿ, 6 ಮನೆಯಲ್ಲಿ ಲಾರ್ವಾ ಸಿಕ್ಕಿತು. ನೂರಕ್ಕೆ 12, ಇದು ಹೌಸ್ ಇಂಡೆಕ್ಸ್. ಆ 50 ಮನೆಗಳಲ್ಲಿ ಲಾರ್ವಾ ಇದ್ದ ಪಾತ್ರೆ 9 ಅಂದರೆ ನೂರು ಮನೆಗೆ 18, ಇದು ಬ್ರೆಟೊ ಇಂಡೆಕ್ಸ್. ಹೌಸ್ ಇಂಡೆಕ್ಸ್ 10 ದಾಟಿದರೆ ಹುಷಾರು ಅಂತ ನಮಗೆ ಕಲಿಸಿದ್ದರು. ಯಾವ ಬಗೆಯ ಪಾತ್ರೆ ಅಂತ ಬರೆಯದಿದ್ದರೆ ಈ ನಂಬರಿನಿಂದ ಏನೂ ಆಗದು. ಒಂಬತ್ತರಲ್ಲಿ ಏಳು ಡ್ರಮ್ಮಾಗಿದ್ದರೆ ಎಳನೀರು ಬುರುಡೆ ಆಯುವ ಅಭಿಯಾನ ಮಾಡಿ ಏನು ಫಲ?

ಜೀಕಾ ನಮ್ಮ ಕಡೇನೂ ಬಂದಿತ್ತಂತೆ, ಹೌದಾ?

2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಜೀಕಾ ವೈರಸ್ ಸಿಕ್ಕಿತ್ತು. ಮನುಷ್ಯರಲ್ಲಲ್ಲ, ಸೊಳ್ಳೆಯಲ್ಲಿ. ಹರಡುವುದು ಇದೂ ಈಡಿಸ್. ಹೆಚ್ಚಿನವರಿಗೆ ಸಣ್ಣ ಜ್ವರ, ಗಂಧೆ, ಕಣ್ಣು ಕೆಂಪು. ಗರ್ಭಿಣಿಗೆ ಬಂದರೆ ಮಗುವಿನ ಮೆದುಳಿನ ಬೆಳವಣಿಗೆ ಕುಂಠಿತವಾಗಬಹುದು. ಬಸುರಿ ಹೆಂಗಸರು ಹಗಲು ಮಲಗುವಾಗಲೂ ಪರದೆ ಕಟ್ಟಿಕೊಳ್ಳಲಿ.

ಮನೇಲಿ ಲಾರ್ವಾ ಸಿಕ್ಕಿದ್ರೆ ದಂಡ ಅಂತೆ, ನಿಜಾನಾ?

ನಿಜ. 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ ನಿಯಮ ತಂದಿತು. ಪಟ್ಟಣದಲ್ಲಿ ಮನೆಗೆ 400 ರೂಪಾಯಿ, ಅಂಗಡಿ ಹೋಟೆಲುಗಳಿಗೆ 1,000, ಕಟ್ಟಡ ಕಾಮಗಾರಿ ಜಾಗಕ್ಕೆ 2,000. ಕಟ್ಟಡದವರಿಗೆ ಹಾಕಲಿ, ಸಂತೋಷ. ನೀರೇ ಸರಿಯಾಗಿ ಬಿಡದ ಗಲ್ಲಿಯಲ್ಲಿ ಡ್ರಮ್ಮಿಗೆ ದಂಡ ಹಾಕಿದರೆ ಮುಂದಿನ ವಾರ ಬಾಗಿಲೇ ತೆಗೆಯುವುದಿಲ್ಲ. ಬಾಗಿಲು ತೆಗೆಯದ ಮೇಲೆ ಸರ್ವೆ ಎಲ್ಲಿ?

ಇದನ್ನು ಕೇಳಿದ ಹುಡುಗನೇ ಮುಂದುವರಿದು "ನಿಮ್ಮ ಮನೇಲಿ ಸಿಕ್ಕಿದ್ರೆ ಯಾರು ದಂಡ ಹಾಕೋದು ಸಾರ್?" ಅಂದ. ಸಿಕ್ಕಿತ್ತು. ನಮ್ಮಮ್ಮನ ಒರಳುಕಲ್ಲು, ಮಿಕ್ಸಿ ಬಂದ ಮೇಲೆ ಹಿತ್ತಲಲ್ಲಿ ಬಿದ್ದದ್ದು. ಪಕ್ಕದ ಮನೆಗಳಲ್ಲೆಲ್ಲ ಭಾಷಣ ಮಾಡಿ ಬಂದು ಕೈ ತೊಳೆಯುವಾಗ ಕಣ್ಣಿಗೆ ಬಿತ್ತು. ಅಮ್ಮನಿಗೆ ಹೇಳಿದೆ. "ಎತ್ತಿ ಮಗುಚಿ ಹಾಕು ಅಂತ ನಿಂಗೆ ಆರು ತಿಂಗಳಿಂದ ಹೇಳ್ತಿದೀನಿ" ಅಂದರು. ನಾಲ್ಕು ಜನ ಸೇರಿದರೂ ಅಲ್ಲಾಡಲಿಲ್ಲ. ಕೊನೆಗೆ ಗುಂಡಿಗೆ ಮರಳು ತುಂಬಿ ದೊಡ್ಡಪತ್ರೆ ನೆಟ್ಟೆವು.